ಹಿನ್ನೀರಿನ ದಡದಲ್ಲಿ ಡೇರೆ ಮತ್ತು ಗಾಳ: ಗ್ರಾಮ ಪಂಚಾಯಿತಿಯ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ. ಮುಂದಿನ ಸಾಮಾನ್ಯ ಸಭೆಯಲ್ಲಿ ಓದಿ ಚರ್ಚಿಸಲು ಕೋರಿದೆ.)



ಶರಾವತಿ ಹಿನ್ನೀರಿನ ಆಚೆ ದಡಕ್ಕೆ ಎಷ್ಟು ಜನ ಹೋಗಬಹುದೆಂಬುದನ್ನು ಬಹುಕಾಲ ತೀರ್ಮಾನಿಸುತ್ತಿದ್ದುದು ಲಾಂಚು. ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಅದು ಎಷ್ಟು ವಾಹನಗಳನ್ನು ಹೊರುತ್ತಿತ್ತೋ ಅಷ್ಟು ಮಾತ್ರ ದಾಟುತ್ತಿದ್ದವು. ಸಂಜೆಯ ಕೊನೆಯ ಲಾಂಚು ಹೋದ ಮೇಲೆ ದಾರಿ ಮುಚ್ಚುತ್ತಿತ್ತು. ಲಾಂಚು ನಿಲ್ಲುವ ಜಾಗವನ್ನು ಜನರು ಹೊಳೆಬಾಗಿಲು ಎಂದೇ ಕರೆದರು. 2025ರ ಜುಲೈ 14ರಂದು ಅಲ್ಲಿನ ಸೇತುವೆ ಸಂಚಾರಕ್ಕೆ ತೆರೆಯಿತು. ತುಮರಿ ಭಾಗದ ಜನರ ದಶಕಗಳ ಬೇಡಿಕೆ ಅದರಿಂದ ಈಡೇರಿತು. ನಡುರಾತ್ರಿ ಹೆರಿಗೆ ನೋವು ಬಂದ ಹೆಣ್ಣುಮಗಳು ಈಗ ಬೆಳಗಿನ ಲಾಂಚಿಗೆ ಕಾಯಬೇಕಾಗಿಲ್ಲ.

ಅದೇ ರಸ್ತೆಯಲ್ಲಿ ಬೇರೆಯವರೂ ಬರುತ್ತಾರೆ. ಸಿಗಂದೂರಿನ ಭಕ್ತರ ಹಿಂದೆಯೇ, ಕಾರಿನ ಡಿಕ್ಕಿಯಲ್ಲಿ ಡೇರೆಯನ್ನೂ ಗಾಳದ ಕೋಲನ್ನೂ ಇಟ್ಟುಕೊಂಡು ಎರಡು ದಿನ ನೀರಿನ ದಡದಲ್ಲಿ ಕಳೆಯಬೇಕೆಂಬ ಯುವಕ ಯುವತಿಯರು ಬರುತ್ತಾರೆ. ಅವರಲ್ಲಿ ಕೆಟ್ಟವರು ಕಡಿಮೆ, ತಿಳಿಯದವರು ಹೆಚ್ಚು. ಅವರನ್ನು ತಡೆಯುವ ಅಧಿಕಾರ ಗ್ರಾಮ ಪಂಚಾಯಿತಿಗೆ ಇಲ್ಲ. ತಡೆಯುವ ಅಗತ್ಯವೂ ಇಲ್ಲ. ಆದರೆ ಡೇರೆ ಎಲ್ಲಿ, ಗಾಳ ಎಲ್ಲಿ, ರಾತ್ರಿಯ ಹೊಣೆ ಯಾರದು, ಕಸ ಎಲ್ಲಿಗೆ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಜನಸಂದಣಿ ಬರುವ ಮೊದಲೇ ಸಿದ್ಧವಿರಬೇಕು. ಇಲ್ಲವಾದಲ್ಲಿ ಆ ಉತ್ತರ ಮೊದಲ ಸಾವಿನ ಪಂಚನಾಮೆಯ ದಿನ ಅವಸರದಲ್ಲಿ ಹುಟ್ಟುತ್ತದೆ.

ನೀರಿನ ಕೆಳಗಿನ ನೆಲ

ಲಿಂಗನಮಕ್ಕಿ ಅಣೆಕಟ್ಟೆ 1964ರಲ್ಲಿ ಪೂರ್ಣಗೊಂಡಿತು. ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಶರಾವತಿಯ ನೀರಲ್ಲದೆ ಚಕ್ರಾ ಮತ್ತು ಸಾವೆಹಕ್ಲು ಜಲಾಶಯಗಳ ನೀರೂ ಇಲ್ಲಿಗೆ ಹರಿದು ಬರುತ್ತದೆ. ಇದಕ್ಕೂ ಮೊದಲು ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೆ ಈ ನೀರಿನಲ್ಲಿಯೇ ಮುಳುಗಿತು. ನೀರು ತೀರಾ ಇಳಿದ ಬೇಸಿಗೆಯಲ್ಲಿ ಅದರ ಗೋಡೆ ಮತ್ತೆ ಮೇಲೇಳುತ್ತದೆ. ಅದನ್ನು ನೋಡಲೆಂದೇ ಜನ ಸೇರುತ್ತಾರೆ.

ಹೊರಗಿನಿಂದ ಬಂದವರ ಕಣ್ಣಿಗೆ ಇದು ಗುಡ್ಡಗಳ ನಡುವಿನ ಒಂದು ಸುಂದರ ಸರೋವರ. ದಡದ ಜನರಿಗೆ ಇದು ಮುಳುಗಿದ ಊರು. ನೀರಿನ ಕೆಳಗೆ ಗದ್ದೆಗಳಿವೆ, ತೋಟಗಳಿವೆ, ಗಾಡಿದಾರಿಗಳಿವೆ, ಮನೆಗಳ ಅಡಿಪಾಯಗಳಿವೆ. ಈ ಮಾತು ಭಾವನೆಗೆ ಮಾತ್ರ ಸೇರಿದ್ದಲ್ಲ, ಸುರಕ್ಷತೆಗೂ ಸೇರಿದ್ದು. ಸಾಮಾನ್ಯ ಕೆರೆಯ ತಳ ನಿಧಾನವಾಗಿ ಇಳಿಯುತ್ತದೆ. ಮುಳುಗಿದ ಗುಡ್ಡದ ಓರೆ ಹಾಗಲ್ಲ. ಹಳೆಯ ಗದ್ದೆಯ ಅಂಚು ಬಂದಲ್ಲಿ, ಧರೆ ಬಂದಲ್ಲಿ, ಹಳ್ಳದ ಪಾತ್ರ ಬಂದಲ್ಲಿ ಮೊಣಕಾಲುದ್ದದ ನೀರು ಮುಂದಿನ ಒಂದೇ ಹೆಜ್ಜೆಗೆ ಆಳುದ್ದವಾಗುತ್ತದೆ. ಮರದ ಬೊಡ್ಡೆಗಳಲ್ಲಿ ಕಾಲು ಸಿಕ್ಕಿಕೊಳ್ಳುತ್ತದೆ. ನೀರು ಇಳಿದ ಹೊಸತರಲ್ಲಿ ದಡ ಗಟ್ಟಿಯಾಗಿ ಕಂಡರೂ ಮೇಲಿನ ಪದರದ ಕೆಳಗೆ ಕೆಸರು ಉಳಿದಿರುತ್ತದೆ.

ನೀರಿನ ಮಟ್ಟವೂ ಒಂದೇ ಇರುವುದಿಲ್ಲ. ಜೂನ್‌ನಿಂದ ಏರಿ, ಮಳೆ ನಿಂತ ಮೇಲೆ ವಿದ್ಯುತ್ ಉತ್ಪಾದನೆಗೆ ಬಳಕೆಯಾದಂತೆ ಮೇ ತನಕ ಇಳಿಯುತ್ತದೆ. ಆದ್ದರಿಂದ ಕಳೆದ ವರ್ಷ ಡೇರೆ ಹಾಕಿದ ಜಾಗ ಈ ವರ್ಷ ನೀರಿನ ಕೆಳಗಿರಬಹುದು. ಕಳೆದ ತಿಂಗಳು ಈಜಿದ ಜಾಗದಲ್ಲಿ ಈಗ ಬಂಡೆ ಮೇಲೆದ್ದಿರಬಹುದು. ಮೊಬೈಲಿನಲ್ಲಿ ಹಳೆಯ ಚಿತ್ರ ನೋಡಿ ಬಂದವರಿಗೆ ಇದು ತಿಳಿಯದು. ನೀರಿನ ಏರಿಳಿತವನ್ನು ಪ್ರತಿದಿನ ಕಾಣುವವರು ದಡದ ಗ್ರಾಮಸ್ಥರು ಮಾತ್ರ. ಪಂಚಾಯಿತಿಯ ಬಳಿ ಇರುವ ಅತಿ ದೊಡ್ಡ ಬಂಡವಾಳ ಈ ತಿಳಿವಳಿಕೆಯೇ.

ದಡ ಯಾರದು

ಡೇರೆ ಹಾಕುವವರು ದಡವನ್ನು ಯಾರದೂ ಅಲ್ಲದ ಜಾಗವೆಂದು ಭಾವಿಸುತ್ತಾರೆ. ವಾಸ್ತವದಲ್ಲಿ ಅದು ಹಲವರದು. ಅಣೆಕಟ್ಟೆ ಮತ್ತು ನೀರಿನ ನಿರ್ವಹಣೆ ಕರ್ನಾಟಕ ವಿದ್ಯುತ್ ನಿಗಮದ್ದು. ಜಲಾಶಯದ ಒಂದು ಭಾಗ ಮತ್ತು ಅದರ ಸುತ್ತಲಿನ ಕಾಡು ಶರಾವತಿ ಕಣಿವೆ ಅಭಯಾರಣ್ಯಕ್ಕೆ ಸೇರಿದೆ. 1972ರಲ್ಲಿ ಘೋಷಿತವಾದ ಈ ಅಭಯಾರಣ್ಯವನ್ನು 2019ರಲ್ಲಿ ವಿಸ್ತರಿಸಿ ಸಿಂಗಳೀಕ ಅಭಯಾರಣ್ಯವೆಂದು ಹೆಸರಿಸಲಾಯಿತು. ಅದರ ವಿಸ್ತೀರ್ಣ ಈಗ 930 ಚದರ ಕಿಲೋಮೀಟರಿಗೂ ಮಿಕ್ಕಿದೆ. ಉಳಿದ ದಡದಲ್ಲಿ ಕಂದಾಯ ಭೂಮಿಯೂ ಇದೆ, ಖಾಸಗಿ ಹಿಡುವಳಿಯೂ ಇದೆ.

ಈ ಗೆರೆಗಳು ನೆಲದ ಮೇಲೆ ಕಾಣುವುದಿಲ್ಲವಾದರೂ ಕಾನೂನಿನಲ್ಲಿ ಇವೆ. 1972ರ ವನ್ಯಜೀವಿ (ಸಂರಕ್ಷಣಾ) ಅಧಿನಿಯಮದ ಪ್ರಕಾರ ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ಪ್ರವೇಶಿಸುವುದು, ಬೆಂಕಿ ಹೊತ್ತಿಸುವುದು, ಕಸ ಎಸೆಯುವುದು ಅಪರಾಧ. ಗ್ರಾಮಸ್ಥನೊಬ್ಬ ನಾಲ್ಕು ಕಾಸಿನ ಆಸೆಗೆ ಪ್ರವಾಸಿಗರನ್ನು ಅಂಥ ಜಾಗಕ್ಕೆ ಕರೆದೊಯ್ದರೆ ಪ್ರಕರಣ ಆತನ ಮೇಲೂ ಬೀಳುತ್ತದೆ. ಪ್ರವಾಸಿಗ ದಂಡ ಕಟ್ಟಿ ಊರಿಗೆ ಹೋಗುತ್ತಾನೆ. ಗ್ರಾಮಸ್ಥ ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆಯುತ್ತಾನೆ.

ಆದ್ದರಿಂದ ಮೊದಲ ಕೆಲಸ ದಡದ ನಕ್ಷೆ. ಅಭಿವೃದ್ಧಿ ಅಧಿಕಾರಿ, ಗ್ರಾಮ ಆಡಳಿತ ಅಧಿಕಾರಿ, ಅರಣ್ಯ ಇಲಾಖೆಯ ಸಿಬ್ಬಂದಿ ಮತ್ತು ವಾರ್ಡಿನ ಸದಸ್ಯರು ಒಂದು ದಿನ ದಡದುದ್ದಕ್ಕೂ ನಡೆದು, ಯಾವ ಜಾಗ ಯಾರದೆಂಬುದನ್ನು ಗುರುತಿಸಬೇಕು. ಆ ನಕ್ಷೆ ಪಂಚಾಯಿತಿ ಕಚೇರಿಯ ಗೋಡೆಯ ಮೇಲೂ ಊರಿನ ಚಹಾ ಅಂಗಡಿಯ ಗೋಡೆಯ ಮೇಲೂ ಇರಬೇಕು.

ಈ ಎಚ್ಚರಿಕೆಗೆ ಕಾವೇರಿ ತೀರದಲ್ಲಿ ಒಂದು ನಿದರ್ಶನವಿದೆ. ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ಮಹಶೀರ್ ಮೀನನ್ನು ಗಾಳದಿಂದ ಹಿಡಿದು ಮತ್ತೆ ನೀರಿಗೆ ಬಿಡುವ ಶಿಬಿರಗಳು ದೇಶವಿದೇಶಗಳಲ್ಲಿ ಹೆಸರಾಗಿದ್ದವು. ಸ್ಥಳೀಯ ಯುವಕರು ಅಲ್ಲಿ ಮಾರ್ಗದರ್ಶಕರಾಗಿದ್ದರು, ಕಾವಲುಗಾರರಾಗಿದ್ದರು. ಆ ಜಾಗಗಳು ಅಭಯಾರಣ್ಯದೊಳಗಿದ್ದ ಕಾರಣ 2010ರ ದಶಕದ ಆರಂಭದಲ್ಲಿ ಗಾಳ ಹಾಕುವುದು ನಿಂತಿತು. ಅದನ್ನೇ ನಂಬಿದ್ದ ದುಡಿಮೆಯೂ ನಿಂತಿತು. ಉದ್ದೇಶ ಎಷ್ಟೇ ಒಳ್ಳೆಯದಿರಲಿ, ಕಾನೂನಿನ ತಳಹದಿ ಇಲ್ಲದ ಉದ್ಯೋಗ ಉಳಿಯುವುದಿಲ್ಲ. ಹಿನ್ನೀರಿನ ಗ್ರಾಮಗಳು ಆರಂಭದಲ್ಲಿಯೇ ಅಭಯಾರಣ್ಯದ ಹೊರಗಿನ ಜಾಗವನ್ನು ಆರಿಸಿಕೊಳ್ಳುವುದು ವಿವೇಕ.

ಮೀನು ಮತ್ತು ಮೀನುಗಾರ

ಗಾಳ ಹಾಕುವುದು ಪ್ರವಾಸಿಗನಿಗೆ ವಿನೋದ; ದಡದ ಮೀನುಗಾರ ಕುಟುಂಬಕ್ಕೆ ಅದೇ ನೀರು ಅನ್ನ. ಜಲಾಶಯದಲ್ಲಿ ಮೀನು ಹಿಡಿಯಲು ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು. ಇದನ್ನು ನಿಯಂತ್ರಿಸುವುದು ಕರ್ನಾಟಕ ಒಳನಾಡು ಮೀನುಗಾರಿಕೆ (ಸಂರಕ್ಷಣೆ, ಅಭಿವೃದ್ಧಿ ಮತ್ತು ನಿಯಂತ್ರಣ) ಅಧಿನಿಯಮ, 1996. ಸಿಡಿಮದ್ದು ಹಾಕುವುದಕ್ಕೂ ವಿಷ ಬೆರೆಸುವುದಕ್ಕೂ ಯಾರಿಗೂ ಅವಕಾಶವಿಲ್ಲ. ಪರವಾನಗಿ ಪಡೆದ ಮೀನುಗಾರನ ಬಲೆಯ ಪಕ್ಕದಲ್ಲಿ ಪರವಾನಗಿಯಿಲ್ಲದ ಹತ್ತು ಗಾಳಗಳು ಬಿದ್ದರೆ ಜಗಳ ಖಚಿತ. ಆ ಜಗಳ ಕೊನೆಗೆ ಬಂದು ನಿಲ್ಲುವುದು ಪಂಚಾಯಿತಿಯ ಜಗುಲಿಯಲ್ಲಿ.

ಮಳೆಗಾಲದ ವಿಷಯ ಇನ್ನೂ ಸೂಕ್ಷ್ಮ. ಮೊದಲ ಮಳೆಗೆ ಹಳ್ಳಗಳು ತುಂಬಿದಾಗ ಮೀನುಗಳು ಮೊಟ್ಟೆಯಿಡಲು ಹರಿವಿಗೆ ಎದುರಾಗಿ ಗದ್ದೆಯವರೆಗೂ ಏರುತ್ತವೆ. ಮಲೆನಾಡಿನಲ್ಲಿ ಇದಕ್ಕೆ ಹತ್ತುಮೀನು ಎಂಬ ಹೆಸರಿದೆ. ಹಿಂದೆ ಮನೆಗೆ ಬೇಕಾದಷ್ಟು ಹಿಡಿದು ಸುಮ್ಮನಾಗುತ್ತಿದ್ದರು. ಈಗ ಹೊರಗಿನವರೂ ಟಾರ್ಚು ಹಿಡಿದು ಹಳ್ಳಕ್ಕಿಳಿದರೆ, ಮೊಟ್ಟೆ ತುಂಬಿದ ಒಂದೊಂದು ಮೀನಿನೊಂದಿಗೆ ಮುಂದಿನ ವರ್ಷದ ಸಾವಿರಾರು ಮರಿಗಳು ಹೋಗುತ್ತವೆ. ಸಂತಾನೋತ್ಪತ್ತಿಯ ಅವಧಿಗೆ ಇಲಾಖೆ ಹೊರಡಿಸುವ ನಿಷೇಧವನ್ನು ಡಂಗುರ ಸಾರಿಸಿಯಾದರೂ ತಿಳಿಸುವುದು ಪಂಚಾಯಿತಿಯ ಕೆಲಸ. ಮೀನನ್ನು ರಕ್ಷಿಸುವುದು ಈ ನಾಡಿಗೆ ಹೊಸತಲ್ಲ. ಶೃಂಗೇರಿಯಲ್ಲಿ, ಶಿಶಿಲದಲ್ಲಿ ದೇವರ ಮೀನೆಂದು ಜನರೇ ನದಿಯ ಮೀನುಗಳನ್ನು ಕಾಯ್ದುಕೊಂಡು ಬಂದಿದ್ದಾರೆ.

ಹಾಗಾದರೆ ಗಾಳದ ಆಸೆಯಿಂದ ಬಂದವರಿಗೆ ಏನು ಹೇಳುವುದು? ಇಲ್ಲೊಂದು ಸರಳ ದಾರಿಯಿದೆ. ಜಲಾಶಯದ ಮೀನಿನ ಹಕ್ಕು ಪಂಚಾಯಿತಿಯದಲ್ಲ. ಆದರೆ ಪಂಚಾಯಿತಿಯ ಅಧೀನದ ಸಣ್ಣ ಕೆರೆಗಳ ಮೀನಿನ ಹಕ್ಕನ್ನು ಪಂಚಾಯಿತಿಯೇ ಹರಾಜು ಮಾಡುತ್ತದೆ. ಅಂಥ ಒಂದು ಕೆರೆಗೆ ಕಾಟ್ಲಾ, ರೋಹು ಮರಿಗಳನ್ನು ಬಿಟ್ಟು, ವಾರಾಂತ್ಯದಲ್ಲಿ ಕೋಲಿಗೆ ಇಷ್ಟೆಂದು ಶುಲ್ಕ ಪಡೆದು ಗಾಳ ಹಾಕಲು ಬಿಡಬಹುದೆಂಬ ಷರತ್ತನ್ನು ಹರಾಜಿನ ಕರಾರಿನಲ್ಲಿಯೇ ಸೇರಿಸಬಹುದು. ಕೆರೆಯ ಆಳ ಗೊತ್ತಿರುತ್ತದೆ, ದಡ ಕಣ್ಣಳತೆಯಲ್ಲಿರುತ್ತದೆ, ಹಣ ಗ್ರಾಮದಲ್ಲಿ ಉಳಿಯುತ್ತದೆ, ಮೀನುಗಾರನ ಬಲೆಗೆ ಅಡ್ಡಿಯಾಗುವುದಿಲ್ಲ. ತುಂಡಾದ ನೈಲಾನ್ ದಾರವನ್ನು ಎಸೆಯದೆ ಹಿಂದಿರುಗಿಸಬೇಕೆಂಬ ನಿಯಮವೂ ಇರಲಿ. ನೀರುಕಾಗೆಯ ಕಾಲಿಗೆ, ನೀರುನಾಯಿಯ ಕೊರಳಿಗೆ ಅದು ಉರುಳಾಗುತ್ತದೆ.

ಡೇರೆ ಮತ್ತು ಉಣುಗು

ಮಂಗನ ಕಾಯಿಲೆಯ ವಿಷಯ ಸದಸ್ಯರಿಗೆ ಹೊಸತಲ್ಲ, ಪ್ರವಾಸಿಗರಿಗೆ ಹೊಸತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಈ ರೋಗ ಮೊದಲು ಗುರುತಾಯಿತು. 2018ರ ಕೊನೆಯಲ್ಲಿ ಆರಂಭವಾಗಿ 2019ರ ಬೇಸಿಗೆಯವರೆಗೆ ಇದೇ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಅದು ಜೀವಗಳನ್ನು ತೆಗೆದುಕೊಂಡಿತು. ರೋಗವನ್ನು ಹರಡುವುದು ಕಾಡಿನ ಉಣುಗು. ಅದರ ಮರಿಗಳು ಚುರುಕಾಗಿರುವ ಕಾಲ ನವೆಂಬರ್‌ನಿಂದ ಮೇ. ಪ್ರವಾಸಿಗರು ಡೇರೆ ಹಾಕಲು ಬರುವ ಕಾಲವೂ ಸರಿಯಾಗಿ ಅದೇ.

ತರಗೆಲೆಯ ಮೇಲೆ ಹಾಸಿ ಮಲಗುವುದು, ಸೌದೆ ಹೆಕ್ಕಲು ಕಾಡಿಗೆ ನುಗ್ಗುವುದು, ದನ ಮಲಗುವ ಜಾಗದಲ್ಲಿ ಡೇರೆ ಹಾಕುವುದು ಈ ಮೂರೂ ಅಪಾಯ. ಡೇರೆಯ ಜಾಗ ಕಾಡಿನ ಅಂಚಿನಿಂದ ದೂರ, ಬಯಲಿನಲ್ಲಿ, ತರಗೆಲೆ ಗುಡಿಸಿದ ನೆಲದಲ್ಲಿ ಇರಬೇಕು. ಆರೋಗ್ಯ ಇಲಾಖೆ ಗ್ರಾಮಸ್ಥರಿಗೆ ಕೊಡುವ ಡೆಪಾ ತೈಲದ ಬಳಕೆಯನ್ನು ಬಂದವರಿಗೂ ಹೇಳಿಕೊಡಬೇಕು. ಸತ್ತ ಮಂಗ ಕಂಡಲ್ಲಿ ಯಾರೂ ಮುಟ್ಟದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಆ ಭಾಗದ ಡೇರೆಗಳನ್ನು ಅಂದೇ ತೆರವುಗೊಳಿಸಬೇಕು.

ಇನ್ನೊಂದು ಸಂಗತಿ ಸಾಮಾನ್ಯವಾಗಿ ಮರೆತುಹೋಗುತ್ತದೆ. ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳ ನಂತರ ಜ್ವರ ಬರುತ್ತದೆ. ಅಷ್ಟರಲ್ಲಿ ಪ್ರವಾಸಿಗ ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಇರುತ್ತಾನೆ. ವಿಪರೀತ ಜ್ವರ, ತಲೆನೋವು, ಮೈಕೈನೋವು ಎಂದು ಆಸ್ಪತ್ರೆಗೆ ಹೋದರೆ ಅಲ್ಲಿನ ವೈದ್ಯರಿಗೆ ಮಂಗನ ಕಾಯಿಲೆಯ ನೆನಪೇ ಬಾರದಿರಬಹುದು. ಈ ರೋಗ ತಗುಲಿದವರಲ್ಲಿ 100ಕ್ಕೆ 3ರಿಂದ 5 ಮಂದಿ ಸಾಯುತ್ತಾರೆ. ನಿರ್ದಿಷ್ಟ ಔಷಧವಿಲ್ಲದ ಕಾರಣ ಬೇಗ ಆಸ್ಪತ್ರೆ ಸೇರುವುದೇ ರಕ್ಷೆ. ಡೇರೆ ಹಾಕಿದ ಪ್ರತಿಯೊಬ್ಬರ ಕೈಗೂ ಒಂದು ಚೀಟಿ ಕೊಟ್ಟು ಕಳುಹಿಸಿದರೆ ಸಾಕು: “ಹತ್ತು ದಿನಗಳೊಳಗೆ ಜ್ವರ ಬಂದರೆ, ಮಂಗನ ಕಾಯಿಲೆ ಇರುವ ಪ್ರದೇಶಕ್ಕೆ ಹೋಗಿದ್ದೆನೆಂದು ವೈದ್ಯರಿಗೆ ತಿಳಿಸಿ.” ಈ ಚೀಟಿಗೆ ತಗಲುವ ಖರ್ಚು ಕೆಲವು ಪೈಸೆ, ಉಳಿಯುವುದು ಒಂದು ಪ್ರಾಣವಾಗಬಹುದು.

ರಾತ್ರಿಯ ಹೊಣೆ

ಡೇರೆಯಲ್ಲಿ ಉಳಿಯುವವರ ಹೆಸರು, ದೂರವಾಣಿ, ವಾಹನ ಸಂಖ್ಯೆ, ಉಳಿಯುವ ಜಾಗ, ಹಿಂದಿರುಗುವ ದಿನ ಇವಿಷ್ಟನ್ನು ಬರೆದಿಡುವ ಪುಸ್ತಕವೊಂದು ಇರಬೇಕು. ಬೆಳಿಗ್ಗೆ ಒಬ್ಬರು ಕಾಣದಿದ್ದರೆ ಹುಡುಕಲು ಅದು ಆಧಾರ. ಹತ್ತು ದಿನಗಳ ನಂತರ ಆ ಭಾಗದಲ್ಲಿ ಮಂಗ ಸತ್ತರೆ ಎಚ್ಚರಿಸಲೂ ಅದೇ ಆಧಾರ. 2025ರ ಮಾರ್ಚ್‌ನಲ್ಲಿ ಕೊಪ್ಪಳ ಜಿಲ್ಲೆಯ ಸಣಾಪುರದ ಬಳಿ ರಾತ್ರಿ ಕಾಲುವೆಯ ದಡದಲ್ಲಿ ಕುಳಿತಿದ್ದ ಪ್ರವಾಸಿಗರ ಮೇಲೆ ನಡೆದ ಹಲ್ಲೆ ಮತ್ತು ಸಾವು, ನಿರ್ಜನವಾದ ದಡದ ಅಪಾಯವನ್ನು ಇಡೀ ರಾಜ್ಯಕ್ಕೆ ತೋರಿಸಿತು. ಯಾರಿಗೂ ತಿಳಿಯದ ಜಾಗದಲ್ಲಿ ಡೇರೆ ಹಾಕಲು ಬಿಡುವುದು ಸ್ವಾತಂತ್ರ್ಯವಲ್ಲ, ನಿರ್ಲಕ್ಷ್ಯ.

ನೀರಿನ ವಿಷಯದಲ್ಲಿ ನಿಯಮಗಳು ಚಿಕ್ಕವಾಗಿರಬೇಕು, ರಿಯಾಯಿತಿ ಇರಬಾರದು. ಜೀವರಕ್ಷಕ ಅಂಗಿಯಿಲ್ಲದೆ ದೋಣಿ ಇಲ್ಲ. ಕುಡಿದವರಿಗೆ ನೀರಿಲ್ಲ. ಕತ್ತಲಾದ ಮೇಲೆ ಈಜಿಲ್ಲ. ಮಧ್ಯಾಹ್ನದ ಮೇಲೆ ಗಾಳಿ ಎದ್ದರೆ ವಿಶಾಲ ನೀರಿನಲ್ಲಿ ತೆಪ್ಪ ನಿಲ್ಲದು. ದೋಣಿಯವನು ಬೇಡವೆಂದರೆ ಅದೇ ಕೊನೆಯ ಮಾತಾಗಬೇಕು. ಜನ ಸೇರುವ ಪ್ರತಿ ದಡದಲ್ಲಿಯೂ ಒಂದು ಕಂಬ, ಕಂಬಕ್ಕೆ ಉದ್ದದ ಹಗ್ಗ, ಹಗ್ಗದ ತುದಿಗೆ ಮುಚ್ಚಳ ಬಿಗಿದ ಖಾಲಿ ಪ್ಲಾಸ್ಟಿಕ್ ಕ್ಯಾನು, ಪಕ್ಕದಲ್ಲಿ 112 ಮತ್ತು 108ರ ಫಲಕ ಇರಬೇಕು. ಮುಳುಗುತ್ತಿರುವವನನ್ನು ಉಳಿಸಲು ಹಾರಿದ ಗೆಳೆಯನೂ ಮುಳುಗುವುದು ಪದೇ ಪದೇ ನಡೆಯುವ ದುರಂತ. ಹಾರುವುದಕ್ಕಿಂತ ಎಸೆಯುವುದು ಮೇಲು ಎಂಬುದನ್ನು ಫಲಕವೇ ಹೇಳಲಿ.

ಇಳಿದ ನೀರು, ಉಳಿದ ಕಸ

ಜಲಾಶಯದ ಕಸಕ್ಕೆ ಒಂದು ವಿಶೇಷವಿದೆ. ಏಪ್ರಿಲ್‌ನಲ್ಲಿ ದಡದಲ್ಲಿ ಒಡೆದ ಬಾಟಲಿ ಆಗಸ್ಟ್‌ನಲ್ಲಿ ನೀರಿನ ಕೆಳಗಿರುತ್ತದೆ. ಕಣ್ಣಿಗೆ ಕಾಣದು, ಆದರೆ ಮೀನುಗಾರನ ಬಲೆಯನ್ನು ಹರಿಯುತ್ತದೆ. ಮುಂದಿನ ಬೇಸಿಗೆಯಲ್ಲಿ ನೀರು ಇಳಿದಾಗ ಅದೇ ಗಾಜು ಮೇಯಲು ಬಂದ ದನದ ಗೊರಸಿಗೆ, ಬರಿಗಾಲಿನ ಮಗುವಿನ ಪಾದಕ್ಕೆ ಚುಚ್ಚುತ್ತದೆ. ಆದ್ದರಿಂದ ಸ್ವಚ್ಛತೆಯ ಕೆಲಸ ಮಳೆಗೆ ಮೊದಲು, ಅಂದರೆ ಮೇ ಕೊನೆಯೊಳಗೆ ಮುಗಿಯಬೇಕು. ಡೇರೆಯ ಜಾಗದಲ್ಲಿ ಶೌಚಾಲಯವಿಲ್ಲದಿದ್ದರೆ ಅಲ್ಲಿ ಡೇರೆಗೆ ಅವಕಾಶವೇ ಬೇಡ. ಕಸ ಸಂಗ್ರಹವನ್ನು ಸಂಜೀವಿನಿ ಒಕ್ಕೂಟದ ಮಹಿಳೆಯರಿಗೆ ವಹಿಸಿ, ಅವರ ಕೂಲಿಯನ್ನು ಡೇರೆ ಶುಲ್ಕದಿಂದಲೇ ಕೊಡುವುದು ನ್ಯಾಯ. ಗ್ರಾಮಸ್ಥರ ತೆರಿಗೆಯಿಂದ ಪ್ರವಾಸಿಗರ ಕಸ ತೆಗೆಯುವಂತಾಗಬಾರದು.

ಮೊದಲ ಪಾಲು ಯಾರಿಗೆ

ನಾಡಿಗೆ ಬೆಳಕು ಕೊಡಲು ಈ ದಡದ ಜನ ಮನೆ, ಗದ್ದೆ, ದೇವಸ್ಥಾನಗಳನ್ನು ನೀರಿಗೆ ಬಿಟ್ಟರು. ಅವರಲ್ಲಿ ಅನೇಕರ ಪುನರ್ವಸತಿ ಭೂಮಿಯ ಹಕ್ಕಿನ ಪ್ರಶ್ನೆ ಇಂದಿಗೂ ಪೂರ್ತಿ ಇತ್ಯರ್ಥವಾಗಿಲ್ಲ. ಈಗ ಅದೇ ನೀರು ನೋಡಲು ಜನ ಹಣ ಕೊಟ್ಟು ಬರುತ್ತಿದ್ದಾರೆ. ಆ ಹಣ ಹೊರಗಿನಿಂದ ಬಂದು ಜಾಗ ಹಿಡಿದವರ ಪಾಲಾಗಿ, ಮುಳುಗಡೆಯ ಕುಟುಂಬದ ಮಕ್ಕಳು ಅಲ್ಲಿ ಪಾತ್ರೆ ತೊಳೆಯುವಂತಾದರೆ ಅದು ಎರಡನೆಯ ಮುಳುಗಡೆ. ದೋಣಿ, ಮಾರ್ಗದರ್ಶನ, ಅಡುಗೆ, ಡೇರೆ ಬಾಡಿಗೆ ಇವುಗಳಲ್ಲಿ ಮೊದಲ ಅವಕಾಶ ಈ ಕುಟುಂಬಗಳಿಗೆ ಸಲ್ಲಬೇಕು. ಹೊನ್ನೆಮರಡುವಿನಲ್ಲಿ ಜಲಸಾಹಸ ಮತ್ತು ಶಿಬಿರ ವಾಸ ಹಲವು ವರ್ಷಗಳಿಂದ ನಡೆದಿದೆ. ಶಿಸ್ತಿನೊಂದಿಗೆ ನಡೆಸಿದರೆ ಹಿನ್ನೀರಿನ ದಡ ಉದ್ಯೋಗ ಕೊಡಬಲ್ಲದು. ಹೊರಗಿನವರಿಗೆ ರಮ್ಯ ದೃಶ್ಯಕ್ಕಿಂತಲೂ ಬಿಸಿ ಅಕ್ಕಿರೊಟ್ಟಿ, ತಂಬುಳಿ, ಮತ್ತು ಈ ನೀರಿನ ಕೆಳಗೆ ಯಾವ ಊರಿತ್ತೆಂದು ಹೇಳಬಲ್ಲ ಹಿರಿಯರ ಮಾತು ಹೆಚ್ಚು ಕಾಲ ನೆನಪಿರುತ್ತದೆ.

ಸಭೆಯ ಮುಂದೆ ಇಡಬಹುದಾದ ನಿರ್ಣಯಗಳು

1. ದಡದ ಜಂಟಿ ಪರಿಶೀಲನೆ ನಡೆಸಿ, ಒಡೆತನ ಮತ್ತು ಅಭಯಾರಣ್ಯದ ಗಡಿ ತೋರಿಸುವ ನಕ್ಷೆಯನ್ನು ಪ್ರಕಟಿಸುವುದು.

2. ಸಂಬಂಧಿಸಿದ ಇಲಾಖೆ ಮತ್ತು ನಿಗಮದ ಅನುಮತಿ ಪಡೆದು, ಅಭಯಾರಣ್ಯದ ಹೊರಗೆ ಒಂದು ಅಥವಾ ಎರಡು ಜಾಗಗಳನ್ನು ಮಾತ್ರ ಡೇರೆಗೆ ಗುರುತಿಸುವುದು; ಉಳಿದೆಡೆ ನಿಷೇಧದ ಫಲಕ ಹಾಕುವುದು.

3. ಪಂಚಾಯಿತಿಯ ಒಂದು ಕೆರೆಯಲ್ಲಿ ಗಾಳಕ್ಕೆ ಅವಕಾಶ ಕೊಡುವ ಕುರಿತು ಮೀನುಗಾರಿಕೆ ಇಲಾಖೆಯ ಅಭಿಪ್ರಾಯ ಪಡೆಯುವುದು.

4. ನವೆಂಬರ್‌ಗೆ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳಿಂದ ದೋಣಿಯವರು, ಹೋಂಸ್ಟೇ ನಡೆಸುವವರು ಮತ್ತು ಮಾರ್ಗದರ್ಶಕರಿಗೆ ಮಂಗನ ಕಾಯಿಲೆಯ ಬಗ್ಗೆ ತಿಳಿವಳಿಕೆ ಕೊಡಿಸುವುದು. ಜ್ವರದ ಚೀಟಿಯನ್ನು ಮುದ್ರಿಸುವುದು.

5. ತಂಗುವವರ ನೋಂದಣಿ ಪುಸ್ತಕ, ಹಗ್ಗದ ಕಂಬ ಮತ್ತು ಫಲಕಗಳನ್ನು ವಾರ್ಡಿನ ಸದಸ್ಯರ ಉಸ್ತುವಾರಿಯಲ್ಲಿ ಇರಿಸುವುದು.

6. ಡೇರೆ ಶುಲ್ಕದ ಆದಾಯ ಮತ್ತು ಖರ್ಚನ್ನು ಪ್ರತಿ ಗ್ರಾಮಸಭೆಯಲ್ಲಿ ಓದಿ ಹೇಳುವುದು.

ಈ ನಿರ್ಣಯಗಳಲ್ಲಿ ಯಾವುದಕ್ಕೂ ಕೋಟಿಗಳ ಅನುದಾನ ಬೇಕಾಗಿಲ್ಲ. ಬೇಕಾಗಿರುವುದು ಸದಸ್ಯರ ಎರಡು ದಿನಗಳ ನಡಿಗೆ, ಒಂದು ಸಭೆಯ ಒಮ್ಮತ ಮತ್ತು ತಮ್ಮವರೇ ನಿಯಮ ಮುರಿದಾಗಲೂ ಇಲ್ಲವೆನ್ನುವ ಧೈರ್ಯ. ಲಾಂಚು ಇದ್ದಾಗ ಬಾಗಿಲನ್ನು ಅದೇ ಕಾಯುತ್ತಿತ್ತು. ಸೇತುವೆಗೆ ಬಾಗಿಲಿಲ್ಲ. ಬಂದವರನ್ನು ಆದರದಿಂದ ಬರಮಾಡಿಕೊಂಡು, ಅಷ್ಟೇ ಜನರನ್ನು ಕ್ಷೇಮವಾಗಿ ಹಿಂದಕ್ಕೆ ಕಳುಹಿಸುವ ಕೆಲಸ ಇನ್ನು ಮುಂದೆ ಪಂಚಾಯಿತಿಯದು.